ಕ್ರಿಸ್‌ಮಸ್ ಮೇಳದಲ್ಲಿ ತೂಬಗೆರೆಯ ಗಂಟಲು

ದೇವನಹಳ್ಳಿಯಿಂದ ಮೇಲಕ್ಕೆ

ನಮ್ಮ ತೂಬಗೆರೆಯ ಮೇಲೆ ದಿನಕ್ಕೆ ಎಷ್ಟು ವಿಮಾನ ಹಾರುತ್ತವೆಂದು ಎಣಿಸಿದವರಿಲ್ಲ. ರಾಗಿ ಕುಯ್ಯುವಾಗ ಒಮ್ಮೆ ತಲೆಯೆತ್ತಿ ನೋಡುತ್ತೇವೆ, ಮತ್ತೆ ಬಗ್ಗುತ್ತೇವೆ. ಹೋದ ನವೆಂಬರಿನ ಕೊನೆಯಲ್ಲಿ ಅಂಥದ್ದೇ ಒಂದು ವಿಮಾನದ ಕಿಟಕಿಯ ಪಕ್ಕ ನಾನು ಕುಳಿತಿದ್ದೆ. ಕೆಳಗೆ ನಮ್ಮೂರು ಕಾಣುತ್ತದೆಂದು ಗಾಜಿಗೆ ಹಣೆ ಒತ್ತಿದ್ದೇ ಒತ್ತಿದ್ದು. ಕಂಡದ್ದು ರೆಕ್ಕೆ ಮಾತ್ರ.

ನನ್ನ ಹೆಸರು ನಾಗರಾಜ. ದೊಡ್ಡಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ಒಂದು ತೋಟದಲ್ಲಿ ಹೂ ವಿಂಗಡಿಸುವ ಶೆಡ್ಡಿನ ಸೂಪರ್‌ವೈಸರ್. ಕೊಯ್ದ ಹೂ ಬಾಡದಂತೆ ಇಡುವ ಹೊಸ ಪದ್ಧತಿ ಕಲಿತು ಬಾ ಎಂದು ಮಾಲೀಕರು ನಾಲ್ಕು ವಾರದ ಮಟ್ಟಿಗೆ ಇಂಗ್ಲೆಂಡಿನ ಹೂವಿನ ತೋಟವೊಂದಕ್ಕೆ ಕಳಿಸಿದ್ದರು. ಸಂತೋಷದ ವಿಷಯವೇ. ಆದರೆ ಒಂದು ಸಂಕಟವಿತ್ತು. ಡಿಸೆಂಬರ್ ನಡುವಿಗೆ ಧನುರ್ಮಾಸ ಶುರು, ನಮ್ಮ ರಾಮಮಂದಿರದಲ್ಲಿ ತಿಂಗಳು ಪೂರ್ತಿ ಬೆಳಗಿನ ಭಜನೆ. ಮೀಸೆ ಬಂದಾಗಿನಿಂದ ನಾನು ಅದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಭಜನೆ ಮುಗಿದ ಮೇಲೆ ಕೊಡುವ ಬಿಸಿ ಹುಗ್ಗಿಗಾಗಿ ಹೋಗುತ್ತೀರಿ ಎಂದು ನನ್ನ ಹೆಂಡತಿ ಸರೋಜ ಹಂಗಿಸುವುದುಂಟು. ಅರ್ಧ ನಿಜ.

ಮಂಡಳಿಯ ಹಿರಿಯರಾದ ಮುನಿಯಪ್ಪ ಮಾವನಿಗೆ ಹೇಳಲು ಹೋದೆ. ಅವರು ಎಲೆಯಡಿಕೆ ಜಗಿಯುತ್ತ, "ಹೋಗ್ಬಾರಪ್ಪ, ಹೂವು ಎಲ್ಲಾದ್ರೂ ಹೂವೇ. ಗಂಟ್ಲು ಜೋಪಾನ," ಎಂದರು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಲ್ಲಿನವರು ನನ್ನೊಂದಿಗೆ ಆಡಿದ್ದೆಲ್ಲ ಇಂಗ್ಲಿಷೇ. ಆದರೆ ನನ್ನ ತಲೆಯೊಳಗೆ ಅದು ದೊಡ್ಡಬಳ್ಳಾಪುರದ ಕನ್ನಡವಾಗಿಯೇ ಇಳಿಯುತ್ತಿತ್ತು. ನಿಮಗೂ ಹಾಗೆಯೇ ಬಡಿಸುತ್ತೇನೆ.

ಬೆಟ್ಟವಿಲ್ಲದ ಊರು

ಇಂಗ್ಲೆಂಡಿನ ಪೂರ್ವಕ್ಕೆ, ಸಮುದ್ರಕ್ಕೆ ಹತ್ತಿರ, ಹಪ್ಪಳ ಹರವಿದಂಥ ಬಯಲು. ಕೋಸು, ಆಲೂಗಡ್ಡೆ, ಗಾಜಿನ ಮನೆಗಳು, ಮತ್ತೆ ಕೋಸು. ನಮಗೆ ಯಾವ ಕಡೆ ತಿರುಗಿದರೂ ಒಂದು ಬೆಟ್ಟ ಇರಬೇಕು, ಈ ಕಡೆ ಘಾಟಿ, ಆ ಕಡೆ ನಂದಿ. ಇಲ್ಲಿ ಕಣ್ಣು ಊರಲು ಒಂದು ಗುಡ್ಡವೂ ಇಲ್ಲ. ಚರ್ಚಿನ ಗೋಪುರವೊಂದೇ ಎತ್ತರ. ಮೊದಲ ವಾರ ಎರಡು ಸಲ ದಾರಿ ತಪ್ಪಿದೆ, ಎರಡು ಸಲವೂ ಗೋಪುರ ನೋಡಿಕೊಂಡೇ ಮನೆ ಸೇರಿದೆ.

ಚಳಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಹೂವಿನ ಕೋಲ್ಡ್ ರೂಮಿನಲ್ಲಿ ಅಷ್ಟು ವರ್ಷ ಓಡಾಡಿದವನಿಗೆ ಇವರ ಚಳಿ ಏನು ಮಹಾ ಎಂದುಕೊಂಡಿದ್ದೆ. ಆದರೆ ಕೋಲ್ಡ್ ರೂಮಿಗೆ ಬಾಗಿಲಿರುತ್ತದೆ, ಸಾಕಾದಾಗ ಹೊರಗೆ ಬಂದು ಬಿಸಿಲಿಗೆ ಮೈ ಕಾಯಿಸಬಹುದು. ಇಲ್ಲಿ ಆ ಬಾಗಿಲು ಎಲ್ಲಿದೆಯೋ ಗೊತ್ತಾಗಲಿಲ್ಲ. ಎರಡನೆಯ ದಿನಕ್ಕೆ ಸರೋಜ ತುರುಕಿ ಕಳಿಸಿದ್ದ ಮಂಕಿ ಕ್ಯಾಪನ್ನು ಹುಡುಕಿ ತೆಗೆದೆ.

ನಾನು ಉಳಿದುಕೊಂಡಿದ್ದು ಡೊರೀನ್ ಎಂಬ ಎಪ್ಪತ್ತು ದಾಟಿದ ವಿಧವೆಯ ಮನೆಯಲ್ಲಿ. ಮೊದಲ ದಿನವೇ ಅವರು ನನಗೆ ಡೊರೀನಮ್ಮ ಆದರು. ಬಾಯಿ ತಾನಾಗಿ ಹಾಗೆ ಅಂದುಬಿಟ್ಟಿತು. ಅವರು ಒಂದು ಸಲ ತಮ್ಮಷ್ಟಕ್ಕೆ ಅಂದು ನೋಡಿಕೊಂಡು, "ಚೆನ್ನಾಗೈತೆ, ಹಂಗೇ ಕರಿ," ಎಂದರು. ನಾಗರಾಜ ಎನ್ನಲು ನಾಲಿಗೆ ಹೊರಳದೆ ಅವರು ನನ್ನನ್ನು ರಾಜ್ ಎಂದು ಕರೆದರು. ಮರ್ಯಾದೆಗೆ ಇನ್ನೊಂದು ಹೆಸರು ಈ ಹೆಂಗಸು. ನಾನು ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಿದ್ದರು. ಒಂದು ಭಾನುವಾರ ಅವರಿಗೆ ಮುದ್ದೆ ಮಾಡಿಕೊಟ್ಟೆ. ಚಾಕು ಫೋರ್ಕು ಹಿಡಿದು, ಚೌಕಚೌಕವಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಅಗಿದು ಅಗಿದು ತಿಂದರು. ಅಗಿಯಬಾರದಮ್ಮ, ನುಂಗಬೇಕು ಎಂದೆ. "ನುಂಗೋದಾ? ಅಗೀದೆ ನುಂಗಿದ್ರೆ ಮಾಡಿದವರಿಗೆ ಅವಮಾನ ಅಲ್ವಾ?" ಎಂದು ನನ್ನನ್ನೇ ಕೇಳಿದರು. ಪೂರ್ತಿ ಮುದ್ದೆಯನ್ನು ಹಾಗೆಯೇ ಅಗಿದು ಮುಗಿಸಿದರು. ಮುಗಿಯುವಷ್ಟರಲ್ಲಿ ಸಾರು ಎರಡು ಸಲ ಬಿಸಿ ಮಾಡಬೇಕಾಯಿತು.

ಮಂಗಳವಾರ

ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ರೇಡಿಯೋ. ಕ್ರಿಸ್‌ಮಸ್ಸಿನ ಸಿನಿಮಾಧಾಟಿಯ ಹಾಡುಗಳು, ಎಲ್ಲದರಲ್ಲೂ ಗೆಜ್ಜೆ ಸದ್ದು. ದಿನಕ್ಕೆ ಹತ್ತು ಸಲ ಅದದೇ ಹಾಡು ಬಂದರೆ ಎಂಥ ಭಕ್ತನಿಗೂ ತಲೆ ಕೆಡುತ್ತದೆ. ಅದನ್ನು ತಡೆಯಲಾರದೆ ನಾನು ಕೆಳಸ್ಥಾಯಿಯಲ್ಲಿ ನಮ್ಮ ಭಜನೆಯೊಂದನ್ನು ಗುನುಗುತ್ತಿದ್ದೆ. ಹೂವಿನ ಪೆಟ್ಟಿಗೆ ಒಯ್ಯಲು ಬಂದ ಲಾರಿ ಡ್ರೈವರ್, ಬಿಳಿ ಮೀಸೆಯ ಆಜಾನುಬಾಹು, ಗಕ್ಕನೆ ನಿಂತ.

"ಇನ್ನೊಂದ್ಸಲ ಹಾಡಪ್ಪ ಅದನ್ನ."

ಹಾಡಿದೆ.

"ಇನ್ನೂ ಕೆಳಗೆ ಹೋಗ್ತದಾ?"

ಹೋದೆ. ಅವನ ಕಣ್ಣು ಅರಳಿತು. "ಬಾವಿ ಇದ್ದಂಗೈತಲ್ಲೋ ನಿನ್ನ ಗಂಟ್ಲು! ಮಂಗಳವಾರ ಸಾಯಂಕಾಲ ಚರ್ಚಿಗೆ ಬಾ. ನಮ್ಮ ಕ್ವಾಯರಿನಲ್ಲಿ ಹೆಂಗಸರು ದಂಡಿಯಾಗಿದಾರೆ, ಕೆಳಗಿನ ದನಿ ಹಾಡೋ ಗಂಡಸರು ಮಾತ್ರ ಮೂರೇ ಜನ."

ಅವನ ಹೆಸರು ಕೆನ್. ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು, ಆದ್ದರಿಂದ ಕೆನ್ನಣ್ಣ. ಅವನ ಬಲವಂತಕ್ಕೆ ಒಪ್ಪಿದೆನಾದರೂ ಸರೋಜಳಿಗೆ ಹೇಳದೆ ಹೇಗೆ? ಫೋನಿನಲ್ಲಿ ಕೇಳಿದೆ.

"ಚರ್ಚಿಗಾ?" ಎಂದಳು.

"ಹಾಡೋಕೆ ಕಣೇ."

"ಹಾಡೋಕ್ ತಾನೆ, ಹೋಗ್ರಿ. ದೇವ್ರ ಮುಂದೆ ಬಾಯಿ ಬಿಟ್ರೆ ಯಾವ್ ದೇವ್ರೂ ಬೈಯಲ್ಲ. ಸ್ವೆಟರ್ ಹಾಕ್ಕೊಂಡ್ ಹೋಗಿ."

ಸ್ವೆಟರ್ ಹಾಕಿಕೊಂಡೇ ಹೋದೆ. ಚರ್ಚಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಬಿಚ್ಚಿದೆ. ಅಲ್ಲೊಂದು ದೊಡ್ಡ ಬೆತ್ತದ ಬುಟ್ಟಿ ಇತ್ತು, ಅದರ ಪಕ್ಕ ನೀಟಾಗಿ ಜೋಡಿಸಿಟ್ಟು ಒಳಗೆ ನಡೆದೆ. ಎಂಟುನೂರು ವರ್ಷದ ಕಲ್ಲಿನ ನೆಲವಂತೆ. ಎಂಟುನೂರು ವರ್ಷದ ಚಳಿಯೂ ಅದರೊಳಗೇ ಇತ್ತು. ಮೂವತ್ತು ಜನ ಬೂಟುಗಾಲಲ್ಲಿ ನಿಂತಿದ್ದರು, ಒಬ್ಬರೂ ನನ್ನ ಕಾಲ್ಚೀಲದ ಬಗ್ಗೆ ಒಂದು ಮಾತಾಡಲಿಲ್ಲ. ನೋಡಿಯೂ ನೋಡದ ಹಾಗಿರುವುದರಲ್ಲಿ ಆ ಜನ ಗಟ್ಟಿಗರು. ಹೊರಡುವಾಗ ನೋಡಿದರೆ ಬೂಟು ಇಲ್ಲ. ಯಾರೋ ಪುಣ್ಯಾತ್ಮರು ಅದನ್ನೆತ್ತಿ ಬುಟ್ಟಿಯೊಳಗೆ ಹಾಕಿದ್ದರು. ಬುಟ್ಟಿ ಇದ್ದದ್ದು ಬಡವರಿಗೆ ಹಳೆಯ ಬಟ್ಟೆಬರೆ ದಾನ ಮಾಡುವವರಿಗಾಗಿ. ನನ್ನ ಬೂಟನ್ನು ನಾನೇ ದಾನದ ಬುಟ್ಟಿಯ ತಳದಿಂದ ಹೆಕ್ಕಿಕೊಂಡು ಮನೆಗೆ ಬಂದೆ.

ಹಾಡಿನ ವಿಷಯಕ್ಕೆ ಬರುತ್ತೇನೆ. ಕ್ವಾಯರನ್ನು ನಡೆಸುವವಳು ರೂತ್, ಶಾಲೆಯಲ್ಲಿ ಸಂಗೀತ ಕಲಿಸುವ ಮೂವತ್ತೈದರ ಹೆಣ್ಣುಮಗಳು. ಗಿಡ್ಡ ಕೂದಲು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಆ ವರ್ಷದ ಕ್ರಿಸ್‌ಮಸ್ಸಿಗೆ ಅವಳು ತಾನೇ ಒಂದು ಹೊಸ ಹಾಡು ಕಟ್ಟಿದ್ದಳು. ದೇವರ ಮಗು ದನದ ಕೊಟ್ಟಿಗೆಯಲ್ಲಿ, ಹುಲ್ಲು ಹಾಕುವ ಗೋದಲಿಯಲ್ಲಿ ಮಲಗಿದೆಯಲ್ಲ, ಅದಕ್ಕೊಂದು ಜೋಗುಳ. ಅವಳ ಹಾಡನ್ನು ಜನರೆದುರು ಹಾಡುವುದು ಅದೇ ಮೊದಲು.

ಅಭ್ಯಾಸ ಶುರುವಾಯಿತು. ನಾಲ್ಕು ಗುಂಪು ನಾಲ್ಕು ಬೇರೆ ಬೇರೆ ಸ್ವರ ಹಿಡಿದವು. ಅಷ್ಟೇ ಅಲ್ಲ, ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತಿದ ಹಾಗೆ, ಒಂದಕ್ಕೊಂದು ಒರಸಿಕೊಂಡು ನಿಂತ ಸ್ವರಗಳು. ನಮ್ಮ ಮಂಡಳಿಯಲ್ಲಿ ಯಾರಾದರೂ ಹಾಗೆ ಹಾಡಿದ್ದರೆ ಮುನಿಯಪ್ಪ ಮಾವ ತಾಳ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಇಲ್ಲಿ ರೂತ್ ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದಳು. ಯಾರೋ ತಪ್ಪು ಹಾಡುತ್ತಿದ್ದಾರೆ, ಪಾಪ, ಇವಳಿಗೆ ತಿಳಿಯುತ್ತಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಒಂದು ಗುಂಪು ಒಂದೇ ಒಂದು ಮೆಟ್ಟಿಲು ಕೆಳಗಿಳಿಯಿತು. ಒರಸಾಟ ನಿಂತು ಎಲ್ಲ ದನಿಯೂ ಹೊಂದಿಕೊಂಡಿತು. ಬಿಗಿಹಿಡಿದ ಉಸಿರನ್ನು ಇಡೀ ಕಟ್ಟಡವೇ ಬಿಟ್ಟ ಹಾಗಾಯಿತು. ನನಗೆ ಮೈ ಜುಮ್ಮೆಂದಿತು, ಅದು ಚಳಿಯಿಂದಲ್ಲ ಎಂದು ನನಗೆ ಗೊತ್ತು.

ಕೆನ್ನಣ್ಣನ ಲಾರಿ

ನನಗೆ ಅವರ ಸ್ವರಲಿಪಿ ಓದಲು ಬರುವುದಿಲ್ಲ. ಕೆನ್ನಣ್ಣ ಸುಲಭ ಮಾಡಿಕೊಟ್ಟ. ಈ ಹಾಡಿನಲ್ಲಿ ಕೆಳಗಿನ ದನಿಯವರಿಗೆ ಬಹುಪಾಲು ಒಂದೇ ಸ್ವರ, ಶುರುವಿನಿಂದ ಕೊನೆಯವರೆಗೆ ಎಳೆದು ಹಿಡಿದಿರಬೇಕು. ಅಂದರೆ ಶ್ರುತಿ! ನಮ್ಮ ಶ್ರುತಿಪೆಟ್ಟಿಗೆಯ ಕೆಲಸ ಇಲ್ಲಿ ನಾಲ್ಕು ಗಂಡಸರಿಗೆ.

"ಉಸ್ರು ಕಟ್ಟಲ್ವಾ ಅಣ್ಣ?" ಎಂದೆ.

"ಒಬ್ಬೊಬ್ರಾಗಿ ಎಳ್ಕೋಬೇಕು. ನಾನು ಉಸ್ರು ತಗೊಂಡಾಗ ನೀನು ತಗೋಬೇಡ. ನೀನು ತಗೊಂಡಾಗ ನಾನು ಹಿಡ್ದಿರ್ತೀನಿ. ಕೇಳೋರಿಗೆ ಎಲ್ಲೂ ತುಂಡಾಗಿದ್ದು ಗೊತ್ತಾಗಬಾರದು."

ತಟ್ಟನೆ ಅರ್ಥವಾಯಿತು. ನಮ್ಮ ಕೋಲ್ಡ್ ರೂಮು ಹೀಗೇ ನಡೆಯುವುದು, ಕರೆಂಟು ಹೋದರೆ ಜನರೇಟರು, ಅದು ದಣಿದರೆ ಮತ್ತೆ ಕರೆಂಟು, ಹೂವಿಗೆ ಸುಳಿವೇ ಹತ್ತುವುದಿಲ್ಲ. ಹೀಗೆ ಹೇಳಿದಾಗ ಕೆನ್ನಣ್ಣ ಬಿದ್ದುಬಿದ್ದು ನಕ್ಕ. ಆಮೇಲೆ ನನ್ನನ್ನು ಜನರೇಟರ್ ಎಂದೇ ಕರೆದ.

ದಿನಾ ಬೆಳಿಗ್ಗೆ ಅವನ ಲಾರಿಯಲ್ಲೇ ನಾನು ತೋಟಕ್ಕೆ ಹೋಗುತ್ತಿದ್ದೆ. ಲಾರಿಯಲ್ಲಿ ಅವನು ಕೇಳುವುದು ಇಂಥವೇ ಹಾಡು. ಈಗಿನವರು ಕಟ್ಟಿದ ಕ್ರಿಸ್‌ಮಸ್ ಹಾಡುಗಳು, ವಾದ್ಯವಿಲ್ಲದೆ ಬರಿಯ ದನಿಗಳು, ನಿಧಾನಕ್ಕೆ ಒಂದರೊಳಗಿಂದ ಒಂದು ಬಿಚ್ಚಿಕೊಳ್ಳುವಂಥವು. ನನಗೆ ಬೆರಗು. ನಮ್ಮ ನೆಲಮಂಗಲ ರಸ್ತೆಯಲ್ಲಿ, ಅರಿಶಿನಕುಂಟೆಯ ಹತ್ತಿರ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಇಂಥದ್ದನ್ನು ಹಾಕಿದರೆ ಏನಾದೀತೆಂದು ಯೋಚಿಸಿದೆ. ಹಿಂದಿನವನು ಹಾರ್ನ್ ಮಾಡುವುದನ್ನು ಮರೆತರೂ ಮರೆಯಬಹುದು.

"ನಿಮಗೆ ಹಳೇ ಹಾಡು ಇಷ್ಟ ಇಲ್ವಾ?" ಎಂದು ಕೇಳಿದೆ.

"ಇಷ್ಟಾನೇ. ಆದ್ರೆ ಹಳೇದು 'ಎದ್ದೇಳು, ಸಂತೋಷಪಡು' ಅಂತ ಬೆನ್ನು ತಟ್ಟುತ್ತೆ. ಎಲ್ಲಾ ವರ್ಷವೂ ಸಂತೋಷ ಬರಬೇಕಲ್ಲಪ್ಪ. ನನ್ನ ಹೆಂಡ್ತಿ ತೀರಿಕೊಂಡ ವರ್ಷ ಶೆಡ್ಡಿನ ರೇಡಿಯೋ ಕೇಳಿದ್ರೆ ಎತ್ತಿ ಬಿಸಾಕೋಣ ಅನ್ನಿಸ್ತಿತ್ತು. ಈ ಹೊಸ ಹಾಡು ಏನೂ ಕೇಳಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳುತ್ತೆ."

ಕೋಸಿನ ಹೊಲದ ಮೇಲೆ ಮಂಜು ಬಿದ್ದಿತ್ತು, ಲಾರಿ ಓಡುತ್ತಿತ್ತು, ಆ ದನಿಗಳು ನಮ್ಮಿಬ್ಬರ ನಡುವೆ ಕೂತಿದ್ದವು.

ಅಭ್ಯಾಸದ ಒಂದು ತುಣುಕನ್ನು ಮುನಿಯಪ್ಪ ಮಾವನಿಗೆ ಫೋನಿನಲ್ಲಿ ಕೇಳಿಸಿದೆ. "ಏನ್ಲಾ ಇದು, ಎಲ್ರೂ ಒಂದೊಂದ್ ದಾರಿ ಹಿಡ್ದವ್ರೆ? ಜಗಳ ಗಿಗಳ ಆಗೈತಾ?" ಎಂದರು. ಪೂರ್ತಿ ಕೇಳಿ, "ಇನ್ನೊಂದ್ ಕಿತ ಹಾಕು," ಎಂದರು.

ಡೊರೀನಮ್ಮನ ಮುಚ್ಚಿದ ಬಾಗಿಲು

ಅಭ್ಯಾಸದ ನಡುವೆ ಟೀ. ಚರ್ಚಿಗೆ ಅಂಟಿಕೊಂಡ ಪುಟ್ಟ ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದವರು ನಮ್ಮ ಡೊರೀನಮ್ಮನೇ. ಹಾಡು ಶುರುವಾದ ಕೂಡಲೇ ಅವರು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಳಿಗೆ ಇರಬೇಕೆಂದು ನಾನು ತಿಳಿದಿದ್ದೆ. ರೂತ್ ಟೀ ತೆಗೆದುಕೊಳ್ಳುವಾಗ "ಥ್ಯಾಂಕ್ಯೂ" ಎನ್ನುತ್ತಿದ್ದಳು, ಇವರು "ಪರವಾಗಿಲ್ಲ" ಎನ್ನುತ್ತಿದ್ದರು. ಅಷ್ಟೇ ಮಾತು.

ಕೆನ್ನಣ್ಣ ಹೇಳಿದ ಮೇಲೆ ದಂಗಾದೆ. ರೂತ್ ಡೊರೀನಮ್ಮನ ಮಗಳು. ಎರಡು ಬೀದಿ ಆಚೆ ಅವಳ ಮನೆ. ಮೂರು ವಾರದಿಂದ ನಾನು ತಾಯಿಯ ಮನೆಯಲ್ಲಿ ಉಣ್ಣುತ್ತ, ಮಗಳ ಕೈಕೆಳಗೆ ಹಾಡುತ್ತ, ಇಬ್ಬರಿಗೂ ಸಂಬಂಧವಿದೆ ಎಂಬುದೇ ಗೊತ್ತಿರಲಿಲ್ಲ. ನಮ್ಮಲ್ಲಾದರೆ ತಾಯಿ ಮಗಳು ಮಾತು ಬಿಟ್ಟರೆ ಮೂರನೆಯ ದಿನಕ್ಕೆ ಹೊಸಕೋಟೆಯ ಸಂತೆಯವರೆಗೂ ಸುದ್ದಿ ಮುಟ್ಟಿರುತ್ತದೆ. ಇಲ್ಲಿ ಜಗಳವೂ ಎಷ್ಟು ಮೆತ್ತಗೆ!

ಆದದ್ದಿಷ್ಟು. ಡೊರೀನಮ್ಮ ಇಪ್ಪತ್ತೈದನೆಯ ವಯಸ್ಸಿನಿಂದ ಆ ಕ್ವಾಯರಿನಲ್ಲಿ ಹಾಡಿದವರು. ಎರಡು ವರ್ಷದ ಹಿಂದೆ ರೂತ್ ಅದರ ಹೊಣೆ ವಹಿಸಿಕೊಂಡು ಹೊಸ ರೀತಿಯ ಹಾಡುಗಳನ್ನು ತಂದಳು. ಆ ಒರಸಾಡುವ ಸ್ವರಗಳಲ್ಲಿ ಒಂದು ದನಿ ನಡುಗಿದರೂ ಎಲ್ಲ ಕೆಡುತ್ತದೆ. ತಾಯಿಯ ದನಿ ವಯಸ್ಸಿಗೆ ನಡುಗಲು ಶುರುವಾಗಿತ್ತು. ಒಂದು ದಿನ ಎಲ್ಲರ ಮುಂದೆ, "ಅಮ್ಮಾ, ಈ ಹಾಡಿಗೆ ನೀನು ಕೂತ್ಕೋ," ಎಂದಳು. ಡೊರೀನಮ್ಮ ಕೂತರು. ಮತ್ತೆ ಏಳಲಿಲ್ಲ. ಟೀಗೆ ಬಂದರು, ಹಾಡಿಗೆ ಬರಲಿಲ್ಲ. ಎರಡು ವರ್ಷ ಮಗಳ ಒಂದು ಕಾರ್ಯಕ್ರಮವನ್ನೂ ಕೇಳಲಿಲ್ಲ.

ಹಸು ಕಟ್ಟಿದ ಮನೆಯವನಾದ್ದರಿಂದ ನನಗೆ ಹಾಡಿನ ಎರಡನೆಯ ಸಾಲು ತುಂಬ ಹಿಡಿಸಿತ್ತು. "ಹಸುವಿನ ಉಸಿರಲ್ಲಿ ಕೈ ಕಾಯಿಸಿಕೋ" ಎಂದು ಅದರ ಅರ್ಥ. ಕೊನೆಯ ಮಂಗಳವಾರ ರೂತಳನ್ನು ಕೇಳಿದೆ, "ನೀವು ಹಸು ಸಾಕಿದ್ದೀರಾ?"

"ಇಲ್ಲ. ಅಮ್ಮ ಹೈನಿನ ಮನೆಯಲ್ಲಿ ಹುಟ್ಟಿದೋರು. ಚಳಿಗಾಲದಲ್ಲಿ ಹಾಲು ಕರೆಯೋಕೆ ಮುಂಚೆ ಹಸುವಿನ ಮೂಗಿನ ಹತ್ತಿರ ಕೈ ಹಿಡಿದು ಬೆಚ್ಚಗೆ ಮಾಡ್ಕೋತಿದ್ರಂತೆ. ನಾನು ಚಿಕ್ಕವಳಿದ್ದಾಗ ಮಲಗೋಕೆ ಮುಂಚೆ ಹೇಳ್ತಿದ್ರು."

"ಅವರಿಗೆ ಗೊತ್ತಾ, ಇದು ಹಾಡಲ್ಲಿದೆ ಅಂತ?"

"ಕೇಳಿದ್ರೆ ತಾನೆ ಗೊತ್ತಾಗೋದು," ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದಳು. ಅವಳ ಮುಖ ಕೆಂಪಾಗಿತ್ತು. ತನ್ನ ಹಾಡನ್ನು ಊರು ಮೆಚ್ಚುತ್ತದೋ ಇಲ್ಲವೋ ಎನ್ನುವುದಕ್ಕಿಂತ ಅಡುಗೆಮನೆಯ ಆ ಬಾಗಿಲು ತೆರೆಯುತ್ತದೋ ಇಲ್ಲವೋ ಎನ್ನುವುದೇ ಅವಳ ಚಿಂತೆ ಎಂದು ನನಗೆ ಆಗ ತಿಳಿಯಿತು.

ಅಂದು ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ ಬಾಯಿಬಿಟ್ಟೆ. "ಡೊರೀನಮ್ಮ, ಶನಿವಾರ ನಾನು ಹಾಡ್ತೀನಿ. ನಮ್ಮೋರು ಅಂತ ಇಲ್ಲಿ ನನಗೆ ಯಾರೂ ಇಲ್ಲ. ನೀವು ಬಂದು ಕೂತ್ಕೋಬೇಕು."

ಹೊರಗಿನವನಿಗೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಸ್ವಲ್ಪ ಕುಯುಕ್ತಿಯೇ, ಒಪ್ಪಿಕೊಳ್ಳುತ್ತೇನೆ. ಅವರು ಬಹಳ ಹೊತ್ತು ಆಲೂಗಡ್ಡೆಯನ್ನು ಕತ್ತರಿಸಿದರು. "ಮನೇಲಿರೋ ಅತಿಥಿ ಹಾಡೋವಾಗ ಮನೆಯೋರು ಯಾರೂ ಹೋಗದಿದ್ರೆ ಚೆನ್ನಾಗಿರಲ್ಲ," ಎಂದರು ಕೊನೆಗೆ. "ನಿನಗೋಸ್ಕರ ಬರ್ತೀನಿ."

ಶನಿವಾರ, ನಾಲ್ಕು ಗಂಟೆ

ಮಧ್ಯಾಹ್ನ ನಾಲ್ಕಕ್ಕೇ ಅಲ್ಲಿ ಮುಸ್ಸಂಜೆ. ಚರ್ಚಿನ ತುಂಬ ಮೇಣದಬತ್ತಿ, ಕೋಟು ಹಾಕಿಕೊಂಡೇ ಕುಳಿತ ಜನ, ಎಲ್ಲರ ಕೈಯಲ್ಲೂ ಹಾಡಿನ ಸಾಹಿತ್ಯ ಮುದ್ರಿಸಿದ ಕಾಗದ. ಮೂರನೆಯ ಬೆಂಚಿನ ತುದಿಯಲ್ಲಿ ಡೊರೀನಮ್ಮ, ತೊಡೆಯ ಮೇಲೆ ಕೈಚೀಲ ಹಿಡಿದು, ದಂತವೈದ್ಯರ ಹತ್ತಿರ ಸರದಿಗೆ ಕಾದವರ ಹಾಗೆ.

ಶುರುವಿಗೆ ಹತ್ತು ನಿಮಿಷವಿರುವಾಗ ಒಂದು ಎಡವಟ್ಟು. ರೂತಳ ಹಾಡು ತೆರೆದುಕೊಳ್ಳುವುದು ಒಂಟಿ ದನಿಯ ನಾಲ್ಕು ಸಾಲುಗಳಿಂದ. ಅದನ್ನು ಹಾಡಬೇಕಿದ್ದ ಹುಡುಗಿ ಅಷ್ಟು ದಿನವೂ ನಮ್ಮ ಬೆನ್ನ ಹಿಂದೆ, ಮೇಲಿನ ಅಟ್ಟದಲ್ಲಿ ನಿಂತು ಹಾಡಿದ್ದಳು. ಇವತ್ತು ಅವಳಿಗೆ ಗಂಟಲು ಕಟ್ಟಿ ಪಿಸುಮಾತೂ ಹೊರಡುತ್ತಿಲ್ಲ. "ನಾನೇ ಹಾಡ್ತೀನಿ," ಎಂದಳು ರೂತ್. ಬೇರೆ ದಾರಿಯೂ ಇರಲಿಲ್ಲ.

ಮೊದಲು ಎರಡು ಹಳೆಯ ಹಾಡು ಮುಗಿದವು. ಆಮೇಲೆ ರೂತ್ ಜನಕ್ಕೆ ಬೆನ್ನು ಮಾಡಿ ನಮ್ಮೆದುರು ನಿಂತಳು. ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಬಲಗೈ ಎತ್ತಿದಳು. ಮೊದಲ ಸಾಲು ಹಾಡಿದಳು: ಮಲಗು ಕಂದ, ಹುಲ್ಲಿನ ಮೇಲೆ. ನಿಲ್ಲಿಸಿದಳು. ಸಾಲಿಗೂ ಸಾಲಿಗೂ ನಡುವೆ ಒಂದು ಉಸಿರಿನಷ್ಟು ಮೌನ ಇರಬೇಕೆಂದು ಅವಳೇ ಬರೆದಿದ್ದಳು.

ಈಗ ನಮ್ಮ ಭಜನೆಯ ಕ್ರಮ ನಿಮಗೆ ಗೊತ್ತಲ್ಲ. ಹಿರಿಯರು ಎದುರಿಗೆ ಕೂತು, ಕೈಯೆತ್ತಿ, ಒಂದು ಸಾಲು ಹೇಳಿಕೊಟ್ಟು ನಿಲ್ಲಿಸುತ್ತಾರೆ. ನಿಲ್ಲಿಸಿದರೆಂದರೆ ನಾವು ಹೇಳಬೇಕು. ನಿದ್ದೆಗಣ್ಣಿನಲ್ಲೂ ಹೇಳುತ್ತೇವೆ. ಎದುರಿಗೆ ಎತ್ತಿದ ಕೈ, ಒಂದು ಸಾಲು, ಆಮೇಲೆ ಮೌನ. ನನ್ನ ತಲೆಯನ್ನು ಒಂದು ಮಾತೂ ಕೇಳದೆ ನನ್ನ ಬಾಯಿ ತೆರೆದುಕೊಂಡಿತು. ಅದೇ ಸಾಲನ್ನು, ಅದೇ ರಾಗದಲ್ಲಿ, ರಾಮಮಂದಿರದ ಹೆಂಚು ಅದುರುವಂಥ ದನಿಯಲ್ಲಿ ಒಬ್ಬನೇ ಹಾಡಿಬಿಟ್ಟೆ.

ಆ ಕಲ್ಲಿನ ಕಟ್ಟಡದಲ್ಲಿ ಒಂದು ದನಿ ಹೊರಟರೆ ಸುಲಭಕ್ಕೆ ನಿಲ್ಲುವುದಿಲ್ಲ. ಗೋಡೆಯಿಂದ ಗೋಡೆಗೆ ಓಡಾಡಿತು. ಕೆನ್ನಣ್ಣನ ಮೊಣಕೈ ನನ್ನ ಪಕ್ಕೆಗೆ ತಿವಿಯಿತು. ರೂತಳ ಕಣ್ಣು ಅಗಲವಾಗಿ, ಎತ್ತಿದ ಕೈ ಅಲ್ಲೇ ನಿಂತಿತು. ಎರಡು ವರ್ಷ ಕಾದು, ಮೊದಲ ಸಲ ತಾಯಿ ಬಂದು ಕುಳಿತ ದಿನ, ಅವಳ ಹಾಡನ್ನು ಮೊದಲ ಸಾಲಿನಲ್ಲೇ ನಾನು ಕೆಡಿಸಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ನೆಲ ಎಂಟುನೂರು ವರ್ಷದಿಂದ ಬಿಟ್ಟಿಲ್ಲ, ನನಗಾಗಿ ಬಿಡುತ್ತದೆಯೇ!

ಹಾಡನ್ನು ನಿಲ್ಲಿಸುವಂತಿಲ್ಲ. ರೂತ್ ಎರಡನೆಯ ಸಾಲು ಹಾಡಿದಳು: ಹಸುವಿನ ಉಸಿರಲ್ಲಿ ಕೈ ಕಾಯಿಸಿಕೋ. ಅವಳ ದನಿ ಸಣ್ಣಗೆ ಅದುರಿತು. ನಿಲ್ಲಿಸಿದಳು. ನಾನು ಹಲ್ಲು ಕಚ್ಚಿ ನಿಂತೆ.

ಆ ಮೌನದಲ್ಲಿ, ಮೂರನೆಯ ಬೆಂಚಿನಿಂದ, ಒಂದು ಮುದಿ ದನಿ ಎದ್ದಿತು. ತೆಳ್ಳಗೆ, ನಡುಗುತ್ತ, ಆದರೆ ಸ್ವರ ತಪ್ಪದೆ. ಡೊರೀನಮ್ಮ ಅದೇ ಸಾಲನ್ನು ಹಾಡುತ್ತಿದ್ದರು. ನೇರ ನನ್ನನ್ನೇ ನೋಡುತ್ತಿದ್ದರು, ತಬ್ಬಲಿಯಾಗಿ ನಿಂತವನಿಗೆ ಕೈ ಚಾಚಿದ ಹಾಗೆ. ಸಾಲು ಅರ್ಧಕ್ಕೆ ಬಂದಾಗ ಅವರ ಕಣ್ಣು ನನ್ನನ್ನು ಬಿಟ್ಟು ಕಾಗದಕ್ಕೆ ಇಳಿಯಿತು. ತಾವು ಏನು ಹಾಡುತ್ತಿದ್ದೇವೆಂದು ಅವರಿಗೆ ಗೊತ್ತಾದದ್ದು ಆಗಲೇ. ದನಿ ಒಂದು ಕ್ಷಣ ಸಿಕ್ಕಿಕೊಂಡಿತು. ಮತ್ತೆ ಹಿಡಿದುಕೊಂಡು ಸಾಲು ಮುಗಿಸಿದರು.

ರೂತ್ ತಿರುಗಲಿಲ್ಲ. ತಿರುಗದೆಯೇ ಆ ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ಅವಳ ಮುಖ ನಮಗೆ ಮಾತ್ರ ಕಾಣುತ್ತಿತ್ತು, ಅದನ್ನು ನಾನು ಬರೆಯಲಾರೆ. ಮೂರನೆಯ ಸಾಲನ್ನು ಅವಳು ನಮ್ಮ ಕಡೆಗಲ್ಲ, ಅರ್ಧ ಪಕ್ಕಕ್ಕೆ ಹೊರಳಿ, ಜನದ ಕಡೆಗೆ ಹಾಡಿದಳು: ಬಾಗಿಲಾಚೆ ಹಿಮ ಬಿದ್ದರೆ ಬೀಳಲಿ. ಈ ಸಲ ಬೆಂಚುಗಳ ಎರಡು ಸಾಲು ದನಿಗೂಡಿಸಿತು. ಒಬ್ಬ ಮುದುಕಿ ಹಾಡುತ್ತಿರುವಾಗ ಉಳಿದವರು ಬಾಯಿ ಮುಚ್ಚಿ ಕೂರುವುದು ಮರ್ಯಾದೆಯಲ್ಲ ಎಂದು ಆ ಮರ್ಯಾದಸ್ಥ ಜನರಿಗೆ ಅನ್ನಿಸಿರಬೇಕು. ನಾಲ್ಕನೆಯ ಸಾಲಿಗೆ ಇಡೀ ಚರ್ಚು ಹಾಡಿತು: ಬೆಳಗಾಗುವ ತನಕ ನಾವಿದ್ದೇವೆ.

ಆಮೇಲೆ ನಮ್ಮ ಸರದಿ. ನಾನು ನನ್ನ ಒಂದು ಸ್ವರ ಹಿಡಿದೆ. ಅದರ ಮೇಲೆ ಹೆಂಗಸರ ದನಿಗಳು ಅಕ್ಕಪಕ್ಕ ಒತ್ತಿಕೊಂಡು, ಒರಸಿಕೊಂಡು ಏರಿದವು. ಕೆನ್ನಣ್ಣ ಉಸಿರು ತೆಗೆದುಕೊಂಡಾಗ ನಾನು ಬಿಡಲಿಲ್ಲ. ಮೂರು ವಾರ ತಪ್ಪಾಗಿ ಕೇಳಿದ್ದ ಆ ಒರಸಾಟ ಅಂದು ನನಗೆ ಒಂದಿಷ್ಟೂ ತಪ್ಪೆನ್ನಿಸಲಿಲ್ಲ. ಹತ್ತಿರದವರು ಹತ್ತಿರ ನಿಂತರೆ ಹಾಗೇ ಅಲ್ಲವೇ ಎನ್ನಿಸಿತು. ಕಣ್ಣಲ್ಲಿ ನೀರು ಬಂದು ಸ್ವರಲಿಪಿಯ ಕಾಗದ ಕಾಣಲಿಲ್ಲ. ಕಂಡಿದ್ದರೂ ನನಗೇನು ಓದಲು ಬರುತ್ತಿತ್ತೇ!

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಪಾದ್ರಿಗಳು ಮೆಲ್ಲಗೆ ಎದ್ದು, ಈಗ ಟೀ ವಿರಾಮ ಎಂದರು.

ಟೀ ವಿರಾಮ

ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ಡೊರೀನಮ್ಮ ಆಗಲೇ ಅಡುಗೆಮನೆಯಲ್ಲಿದ್ದರು. ಟ್ರೇಯಲ್ಲಿ ಕಪ್ಪುಗಳನ್ನು ಜೋಡಿಸುತ್ತಿದ್ದರು.

"ನಾನು ಹಾಳ್ಮಾಡ್ಬಿಟ್ಟೆ ಡೊರೀನಮ್ಮ," ಎಂದೆ.

"ಊರಿನೋರೆಲ್ಲರ ಎದುರಿಗೆ ನೀನೊಬ್ಬನೇ ನಿಂತಿದ್ದೆ," ಎಂದರು. "ನಾನೂ ಹಾಡಿದ್ರೆ, ಅದು ಇರೋದೇ ಹಂಗೆ ಅಂತ ಜನ ಅಂದ್ಕೋತಾರೆ ಅಂತ..." ಮಾತು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ರೂತ್ ನಿಂತಿದ್ದಳು.

ನಾನು ಕಲಿತುಕೊಂಡು ಬಂದಿದ್ದ ಕ್ಷಮೆಯ ಇಂಗ್ಲಿಷನ್ನೆಲ್ಲ ಬಾಯಿಗೆ ತಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಅದು ನಮ್ಮನೆ ಹಸು," ಎಂದರು ಡೊರೀನಮ್ಮ, ಕಪ್ಪುಗಳನ್ನೇ ನೋಡುತ್ತ.

"ಹೂಂ ಅಮ್ಮ. ನೀನು ಹೇಳಿದ್ದೇ."

"ಅದರಲ್ಲಿ ನನಗೆ ಹಾಡೋಕೆ ಜಾಗ ಐತೆ ಅಂತ ನೀನು ಹೇಳ್ಲೇ ಇಲ್ವಲ್ಲ."

ರೂತ್ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇರ್ಲಿಲ್ಲ ಅಮ್ಮ," ಎಂದಳು. "ಇವತ್ತು ಆಯ್ತು. ಕೊನೇಲಿ ಇನ್ನೊಂದ್ಸಲ ಹಾಡೋಣ ಅಂತಿದ್ದೀನಿ, ಇವತ್ತಿನ ಥರಾನೇ. ಎರಡನೇ ಸಾಲು ಯಾರಾದ್ರೂ ಮೊದಲು ಎತ್ತಬೇಕು."

ಹೊರಗೆ ಟೀಗಾಗಿ ಇಡೀ ಊರು ಸಾಲುಗಟ್ಟಿ ನಿಂತಿತ್ತು, ಒಬ್ಬರನ್ನೊಬ್ಬರು ತಳ್ಳದೆ, ಕೆಮ್ಮದೆ, ಗೊಣಗದೆ. ಡೊರೀನಮ್ಮ ಆ ಸಾಲನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಎರಡು ವರ್ಷದಿಂದ ಯಾರ ಕೈಗೂ ಬಿಟ್ಟುಕೊಡದ ಟ್ರೇಯನ್ನು ಎತ್ತಿ ನನ್ನ ಕೈಗಿಟ್ಟರು.

"ರಾಜ್, ಇದನ್ನ ನೋಡ್ಕೊಳಪ್ಪ," ಎಂದು ಏಪ್ರನ್ನಿನ ಗಂಟು ಬಿಚ್ಚುತ್ತ ಮಗಳ ಹಿಂದೆ ಹೊರಟರು.